‘ರ‍್ಯಾಂಕ್ ಬರ್ತಿಲ್ಲಪ್ಪಾ’: ಬಗ್ (ತಂತ್ರಾಂಶದ ದೋಷ) ಹೇಳೋ ದಾರಿ ಸಲೀಸು ಮಾಡಿ

ನಾನು ಒಂದು ಸಣ್ಣ ಕನ್ನಡ ಕೀಬೋರ್ಡ್ ತಂತ್ರಾಂಶ ನೋಡಿಕೊಳ್ಳುತ್ತೇನೆ. ಓಪನ್ ಸೋರ್ಸ್, ಸಂಜೆ ಹೊತ್ತಿನ ಕೆಲಸ. ಒಮ್ಮೆ ಸಾಗರದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿದರು. “ಅಲ್ಲಪ್ಪಾ, ರ‍್ಯಾಂಕ್ ಅಂತ ಹೊಡೆದ್ರೆ ಯಾ ಪಕ್ಕ ಅರ್ಕಾವತ್ತು ಬಂದು ಕೂರುತ್ತೆ.”

ಫೋಟೊ ಕಳಿಸಿ ಸಾರ್ ಅಂದೆ. ಕಳಿಸಿದರು. ನನ್ನ ಲ್ಯಾಪ್‌ಟಾಪಿನಲ್ಲಿ ಅದೇ ಪದ ಸರಿಯಾಗಿಯೇ ಬರುತ್ತಿತ್ತು. ಎರಡು ಸಂಜೆ ಸುಮ್ನೆ ಹಾಳು. ಕೊನೆಗೆ ಆ ಪದವನ್ನೇ ಕಾಪಿ ಮಾಡಿ ಕಳಿಸಿ ಅಂದಾಗ ಗುಟ್ಟು ಸಿಕ್ಕಿತು. ‘ರ’ಗೂ ಹಲಂತಕ್ಕೂ (ಸ್ವರ ತೆಗೆಯುವ ಗುರುತು) ನಡುವೆ ಇರಬೇಕಾದ ಕಾಣದ ಅಕ್ಷರ, ಯೂನಿಕೋಡಿನ 200ಡಿ, ಹಲಂತ ಆದಮೇಲೆ ಕೂತಿತ್ತು. ತಪ್ಪು ನನ್ನ ಕೀಬೋರ್ಡಿನದೇ. ತೆರೆಯ ಮೇಲೆ ಅಕ್ಷರ ಜೋಡಿಸುವ ತಂತ್ರಾಂಶ ಹಾರ್ಫ್‌ಬಜ್‌ನ ಹೊಸ ಆವೃತ್ತಿಗಳು ಎರಡೂ ಕ್ರಮವನ್ನು ಒಪ್ಪಿಕೊಳ್ಳುತ್ತವೆ, ಹಾಗಾಗಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅವರ ಹಳೇ ಕಂಪ್ಯೂಟರು ಒಪ್ಪಲಿಲ್ಲ.

ಫೋಟೊದಲ್ಲಿ 200ಡಿ ಕಾಣಲ್ಲ. ಏನು ಕಳಿಸಬೇಕು ಅಂತ ಮೇಷ್ಟ್ರಿಗೆ ಹೇಗೆ ಗೊತ್ತಿರಬೇಕು? ನಾನು ಕೇಳಬೇಕಿತ್ತು.

ಈಗ ಮೆನುವಿನಲ್ಲೇ “ತೊಂದರೆ ತಿಳಿಸಿ” ಅನ್ನೋ ಬಟನ್ ಇಟ್ಟಿದ್ದೇನೆ. ತಂತ್ರಾಂಶ ಮಾಡುವವರೇ, ನೀವೂ ಇಡಿ. ಒತ್ತಿದರೆ ತಂತ್ರಾಂಶದ ಆವೃತ್ತಿ, ಆಪರೇಟಿಂಗ್ ಸಿಸ್ಟಂ ಎಲ್ಲ ತಾನೇ ತುಂಬಿಕೊಳ್ಳಬೇಕು. ಅಷ್ಟು ಮಾಡಲು ಪುರುಸೊತ್ತಿಲ್ಲದಿದ್ದರೆ ಲಿಬ್ರೆಆಫೀಸ್‌ನ ಅಬೌಟ್ ಕಿಟಕಿ ನೋಡಿ: ಆವೃತ್ತಿಯ ವಿವರ ಒಂದೇ ಕ್ಲಿಕ್ಕಿಗೆ ಕಾಪಿ ಆಗುತ್ತದೆ. ಅದೇ ಸಾಕು. ಕಳಿಸುವ ಮುಂಚೆ ಏನೇನು ಹೋಗುತ್ತಿದೆ ಅಂತ ಪೂರ್ತಿ ತೋರಿಸಿ. ಕೀಬೋರ್ಡ್ ಅಂದಮೇಲೆ ಪಾಸ್‌ವರ್ಡೂ ಅದರ ಮೂಲಕವೇ ಹೋಗೋದು ಅಲ್ವಾ? ಟೈಪ್ ಮಾಡಿದ್ದನ್ನು ತಾನಾಗಿ ಸೇರಿಸಲೇಬೇಡಿ.

ಪ್ರಶ್ನೆ ಮೂರು ಸಾಕು, ಕನ್ನಡದಲ್ಲಿ. ಏನು ಮಾಡಿದಿರಿ? ಏನು ಬರಬೇಕಿತ್ತು? ಏನು ಬಂತು? ಜೊತೆಗೆ ನನ್ನ ಅಚ್ಚುಮೆಚ್ಚಿನ ಖಾನೆ: “ತಪ್ಪಾಗಿ ಬಂದ ಪದವನ್ನು ಇಲ್ಲಿ ಪೇಸ್ಟ್ ಮಾಡಿ, ಯಾವ ಆ್ಯಪಿನಲ್ಲಿ ಬಂತು ಅಂತ ಬರೆಯಿರಿ.” ಮುಂಚೆ ಹನ್ನೊಂದು ಪ್ರಶ್ನೆ ಇಟ್ಟಿದ್ದೆ. ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಆವೃತ್ತಿ ಅಂತಲೂ ಒಂದಿತ್ತು. ಯಾರೋ ಅಲ್ಲಿ “ಗೊತ್ತಿಲ್ಲ, ಕ್ಷಮಿಸಿ” ಅಂತ ಬರೆದಿದ್ದರು. ಓದಿ ನನಗೇ ನಾಚಿಕೆಯಾಯಿತು.

ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ಇಶ್ಯೂ (ದೂರಿನ ದಾಖಲೆ) ಫಾರ್ಮ್ ಮಾಡಿಟ್ಟರೆ ಈ ಖಾನೆಗಳೆಲ್ಲ ಅಲ್ಲೇ ಸಿಗುತ್ತವೆ, ಬೇಕಾದ್ದನ್ನು ಕಡ್ಡಾಯ ಮಾಡಬಹುದು. ಆದರೆ ಅಲ್ಲಿ ಬರೆಯಲು ಖಾತೆ ಬೇಕು. ಮೇಷ್ಟ್ರಿಗೆ ಖಾತೆ ತೆರೆಸೋಕೆ ಹೋದರೆ ಬಗ್ ಅಲ್ಲೇ ಸತ್ತಿತು ಅಂದ್ಕೊಳ್ಳಿ. ಅದಕ್ಕೇ ಒಂದು ಇಮೇಲ್ ವಿಳಾಸವನ್ನೂ ಕೊಡಿ. ಬಂದ ಪತ್ರವನ್ನು ನೀವೇ ಇಶ್ಯೂ ಮಾಡಿ, ಹೆಸರು, ಫೋನ್ ನಂಬರ್ ತೆಗೆದು.

ಅದೇ ದೂರು ಮತ್ತೆ ಬಂದರೆ “ಇದು ಹಳೇದು” ಅಂತ ಬಾಗಿಲು ಹಾಕಬೇಡಿ. ಹಳೆಯ ಇಶ್ಯೂವಿನ ಕೊಂಡಿ ಕೊಟ್ಟು, ಥ್ಯಾಂಕ್ಸ್ ಹೇಳಿ. ಸರಿಯಾದ ಮೇಲೆ ಯಾವ ಆವೃತ್ತಿಯಲ್ಲಿ ಸರಿಯಾಯಿತು ಅಂತಲೂ ತಿಳಿಸಿ.

ಹೊಸ ಆವೃತ್ತಿ ಬಿಟ್ಟ ದಿನ ಮೇಷ್ಟ್ರಿಗೆ ಫೋನ್ ಮಾಡಿದೆ. ಹಾಕಿ ನೋಡಿದರು. “ರ‍್ಯಾಂಕ್ ಬಂತಪ್ಪಾ. ಇನ್ನೊಂದಿದೆ, ಬರ್ಕೋ.”