ಮುಳ್ಳು ಅಸಲಿಯೋ, ಬದಲಿಯೋ? ಹಳೆಯ ರೈಲ್ವೆ ವಾಚುಗಳ ಜೊತೆ ನನ್ನ ಅನುಭವ

ಕಳೆದ ಚಳಿಗಾಲದಲ್ಲಿ ಒಂದು ಹ್ಯಾಮಿಲ್ಟನ್ 992 ಕೊಂಡೆ, ಅಮೆರಿಕದ ಹ್ಯಾಮಿಲ್ಟನ್ ಕಂಪನಿಯ ರೈಲ್ವೆ ಪಾಕೆಟ್ ವಾಚ್. 21 ಜ್ಯುವೆಲ್ (ಒಳಗೆ ಸವೆತ ತಡೆಯುವ ಪುಟ್ಟ ಹರಳುಗಳು), 16 ಸೈಜ್ (ಅದು ಮೆಷಿನ್ನಿನ ಅಳತೆ). ಬಿಳಿ ಎನಾಮೆಲ್ ಡಯಲ್‌ನಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲ. ಮಾರಿದವರು "ಮುಳ್ಳುಗಳೂ ಒರಿಜಿನಲ್" ಎಂದಿದ್ದರು. ಮನೆಗೆ ತಂದು ದೀಪದ ಕೆಳಗಿಟ್ಟು ನೋಡಿದರೆ, ನಿಮಿಷದ ಮುಳ್ಳು ನಿಮಿಷದ ಗೆರೆಗಳನ್ನು ಮುಟ್ಟುತ್ತಲೇ ಇಲ್ಲ. ಸುಮಾರು ಒಂದು ಮಿಲಿಮೀಟರ್ ಗಿಡ್ಡ.

ಅಷ್ಟಕ್ಕೆಲ್ಲಾ ತಲೆ ಕೆಡಿಸಿಕೊಳ್ಳಬೇಕಾ? ಬೇರೆ ವಾಚ್ ಆಗಿದ್ದರೆ ಬೇಡ. ರೈಲ್ವೆ ವಾಚಿನ ಕತೆಯೇ ಬೇರೆ. 1891ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಕಿಪ್ಟನ್ ಹತ್ತಿರ ಎರಡು ರೈಲು ಮುಖಾಮುಖಿ ಡಿಕ್ಕಿ ಹೊಡೆದವು. ಡ್ರೈವರ್ ಒಬ್ಬನ ವಾಚ್ ನಾಲ್ಕು ನಿಮಿಷ ನಿಂತು ಮತ್ತೆ ಓಡಿತ್ತು ಅಂತ ಹೇಳುತ್ತಾರೆ. ಆಮೇಲೆ ವೆಬ್ ಬಾಲ್ ಎಂಬ ವಾಚ್ ವ್ಯಾಪಾರಿಯನ್ನು ರೈಲ್ವೆಯವರು ಕರೆಸಿದರು. ನಿಯಮಗಳು ಬಿಗಿಯಾದವು. ವಾರಕ್ಕೆ 30 ಸೆಕೆಂಡಿಗಿಂತ ಜಾಸ್ತಿ ತಪ್ಪುವಂತಿಲ್ಲ. ಬಿಳಿ ಡಯಲ್, ದಪ್ಪ ಕಪ್ಪು ಅಂಕಿ, ಎದ್ದು ಕಾಣುವ ಮುಳ್ಳು. ಕುಲುಕಾಡುವ ಎಂಜಿನ್‌ನಲ್ಲಿ, ಲಾಟೀನು ಬೆಳಕಿನಲ್ಲಿ, ಒಂದೇ ನೋಟಕ್ಕೆ ನಿಮಿಷ ಓದಬೇಕಿತ್ತು. ಅಂಥ ಕೆಲಸಕ್ಕೆಂದೇ ಮಾಡಿದ ವಾಚಿಗೆ ಕಾರ್ಖಾನೆಯವರು ಗಿಡ್ಡ ಮುಳ್ಳು ಹಾಕಿ ಕಳಿಸುವುದಿಲ್ಲ, ಅಲ್ವಾ?

ಹಾಗಾಗಿ ನಾನು ಮೊದಲು ನೋಡುವುದು ಉದ್ದ. ಗಂಟೆ ಮುಳ್ಳಿನ ತುದಿ ಅಂಕಿಗಳ ಒಳ ಅಂಚಿನ ಹತ್ತಿರ ನಿಲ್ಲಬೇಕು, ನಿಮಿಷದ್ದು ನಿಮಿಷದ ಗೆರೆಗಳ ಮೇಲೆ ಬರಬೇಕು. ಆಮೇಲೆ ಜೋಡಿ. ಈ ವಾಚುಗಳಲ್ಲಿ ಜಾಸ್ತಿ ಕಾಣುವುದು ಇಸ್ಪೀಟಿನ ಸ್ಪೇಡ್ ಆಕಾರದ ಮುಳ್ಳು. ಗಂಟೆ ಮುಳ್ಳಿನ ಸ್ಪೇಡ್ ದಪ್ಪ, ನಿಮಿಷದ್ದು ತೆಳ್ಳಗೆ. ಅಳತೆ ಬೇರೆಯಾದರೂ ಎರಡರ ಬಾಗೂ ಒಂದೇ ಕೈ ಬರೆದ ಹಾಗಿರಬೇಕು. ನನ್ನ 992ರಲ್ಲಿ ಒಂದು ಗುಂಡುಗುಂಡಗೆ, ಇನ್ನೊಂದು ಚೂಪು. ಒಂದೇ ಮನೆಯವಲ್ಲ.

ಬಣ್ಣದ ವಿಷಯಕ್ಕೆ ಹೊಸಬರು ಬೇಗ ಮೋಸ ಹೋಗುತ್ತಾರೆ. ನಾನೂ ಹೋಗಿದ್ದೇನೆ. ಈ ಮುಳ್ಳುಗಳ ನೀಲಿ, ಉಕ್ಕನ್ನು ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಬರುವ ನೀಲಿ. ಒಲೆ ಮೇಲೆ ಮರೆತ ಖಾಲಿ ಸ್ಟೀಲ್ ಪಾತ್ರೆಯ ತಳ ಬಣ್ಣ ತಿರುಗುತ್ತದಲ್ಲ, ಹಾಗೆ. ವಾಚನ್ನು ಓರೆ ಮಾಡಿದರೆ ಒಂದು ಕಡೆಯಿಂದ ಕಪ್ಪು, ಇನ್ನೊಂದು ಕಡೆಯಿಂದ ಗಾಢ ನೀಲಿ. ಪೇಂಟ್ ಹೊಡೆದ ಮುಳ್ಳು ಎಲ್ಲಾ ಕಡೆಯಿಂದಲೂ ಒಂದೇ ನೀಲಿ, ಅಂಚಿನಲ್ಲಿ ಬಣ್ಣ ಕಟ್ಟಿರುತ್ತದೆ. ಆದರೆ ಈಗಿನವರೂ ಉಕ್ಕನ್ನು ಕಾಯಿಸಿ ನೀಲಿ ಮಾಡಬಲ್ಲರು. ಅದಕ್ಕೆ ಬಣ್ಣ ನೋಡಿ "ಇದು ನಕಲಿ" ಅನ್ನಬಹುದೇ ಹೊರತು "ಇದು ಅಸಲಿ" ಅನ್ನುವುದಕ್ಕಾಗುವುದಿಲ್ಲ.

ನಿಜವಾದ ಸಾಕ್ಷಿ ಮುಳ್ಳಿನ ಬುಡದಲ್ಲಿರುವ ತೂತು. ಡಯಲ್ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಹಾಕಿ, ಎರಡು ಪುಟ್ಟ ಸನ್ನೆಗೋಲುಗಳಿಂದ ಎರಡೂ ಕಡೆ ಸಮವಾಗಿ ಮೇಲೆತ್ತಿದರೆ ಮುಳ್ಳು ಕಳಚಿಕೊಳ್ಳುತ್ತದೆ. ಹ್ಯಾಮಿಲ್ಟನ್, ವಾಲ್ತಮ್, ಎಲ್ಜಿನ್, ಇಲಿನಾಯ್ ಎಲ್ಲರ ತೂತಿನ ಅಳತೆಯೂ ಒಂದೇ ಅಲ್ಲ. ಬೇರೆ ಕಂಪನಿಯ ಮುಳ್ಳು ಕೂರಿಸಬೇಕಾದರೆ ತೂತು ಕೆರೆದು ದೊಡ್ಡದು ಮಾಡಬೇಕು, ಇಲ್ಲವೇ ಅಂಚು ಕುಟ್ಟಿ ಚಿಕ್ಕದು ಮಾಡಬೇಕು. ನನ್ನ ನಿಮಿಷದ ಮುಳ್ಳನ್ನು ಲೂಪ್ (ಕಣ್ಣಿಗೆ ಹಿಡಿಯುವ ಪುಟ್ಟ ಭೂತಗನ್ನಡಿ) ಹಾಕಿ ನೋಡಿದೆ. ತೂತಿನ ಒಳಗೆ ಸುತ್ತಲೂ ಹೊಳೆಯುವ ಗೀರುಗಳು. ಯಾರೋ ಕೆರೆದು ಕೂರಿಸಿದ್ದರು. ಅಲ್ಲಿಗೆ ಆ ಮಾತು ಮುಗಿಯಿತು.

ಇನ್ನೊಂದು ವಿಷಯ ಅರ್ಥವಾಗಲು ನನಗೆ ಕೆಲವು ವರ್ಷ ಹಿಡಿಯಿತು. ರೈಲ್ವೆ ನೌಕರರು ತಮ್ಮ ವಾಚನ್ನು ಆಗಾಗ ಇನ್‌ಸ್ಪೆಕ್ಟರಿಗೆ ತೋರಿಸಿ ಕಾರ್ಡಿನಲ್ಲಿ ಬರೆಸಬೇಕಿತ್ತು. ಮುಳ್ಳು ಮುರಿದಿದ್ದರೆ ರಿಪೇರಿಯವನು ಡ್ರಾಯರ್‌ನಿಂದ ಅದೇ ಕಂಪನಿಯ ಇನ್ನೊಂದನ್ನು ತೆಗೆದು ಹಾಕುತ್ತಿದ್ದ. ಅದು ಕಾರ್ಖಾನೆಯಲ್ಲಿ ಕೂರಿಸಿದ್ದಲ್ಲ, ಸರಿ. ಆದರೂ ಅಂಥದ್ದನ್ನು ನಾನು ಬದಲಿಸುವುದಿಲ್ಲ. ಅದು ಡ್ಯೂಟಿಯಲ್ಲಿದ್ದಾಗ ಆದ ರಿಪೇರಿ. ನನಗೆ ಸಿಟ್ಟು ಬರುವುದು ಮಾರುವುದಕ್ಕೋಸ್ಕರ ಕೂರಿಸಿದ ಕಲಬೆರಕೆ ನೋಡಿದರೆ.

ಹೀಗೆ ಸಿಟ್ಟು ಮಾಡಿಕೊಳ್ಳುವ ನಾನೇ ಒಮ್ಮೆ ಎಡವಿದ್ದೇನೆ. ಇಲಿನಾಯ್ ಕಂಪನಿಯವರು ಸ್ಪ್ರಿಂಗ್‌ಫೀಲ್ಡ್‌ನಲ್ಲಿ ತಯಾರಿಸಿದ ಬನ್ ಸ್ಪೆಷಲ್ ಎಂಬ ರೈಲ್ವೆ ವಾಚ್ ಒಂದಿತ್ತು. ಸೆಕೆಂಡ್ ಮುಳ್ಳು ತುಸು ಗಿಡ್ಡ, ತುದಿ ಕೆಳಕ್ಕೆ ಬಾಗಿತ್ತು. "ಇದು ಬದಲಿ" ಎಂದು ಅಂದುಕೊಂಡು ಕಿತ್ತು ಬಿಡಿಭಾಗಗಳ ಡಬ್ಬಿಗೆ ಹಾಕಿದೆ. ಚೀಟಿ ಕೂಡ ಅಂಟಿಸಲಿಲ್ಲ. ಬೇರೊಂದು ಉದ್ದದ ಮುಳ್ಳು ಕೂರಿಸಿದೆ. ನೋಡುವುದಕ್ಕೆ ಚೆನ್ನಾಗಿಯೇ ಇತ್ತು.

ತಿಂಗಳ ನಂತರ ಡಯಲ್ ಒರೆಸುವಾಗ ಸೆಕೆಂಡಿನ ಪುಟ್ಟ ವೃತ್ತದೊಳಗೆ ಬೂದು ಬಣ್ಣದ ಒಂದು ತೆಳುಗೆರೆ ಕಂಡಿತು. ಕೊಳೆ ಅಂದುಕೊಂಡೆ, ಹೋಗಲಿಲ್ಲ. ಗಾಜಿನಂಥ ಎನಾಮೆಲ್ ಮೇಲೆ ಉಕ್ಕು ಉಜ್ಜಿದರೆ ಹೀಗೆ ಬೂದು ಗುರುತು ಬೀಳುತ್ತದೆ. ಯಾವುದೋ ಮುಳ್ಳಿನ ತುದಿ ವರ್ಷಗಟ್ಟಲೆ ಅಲ್ಲಿ ಸವರುತ್ತಾ ಸುತ್ತಿದೆ. ನಾನು ಕೂರಿಸಿದ ಮುಳ್ಳು ಆ ಗೆರೆಯನ್ನು ದಾಟಿ ಆಚೆ ಹೋಗಿತ್ತು!

ಡಬ್ಬಿ ಸುರಿದುಕೊಂಡು ಕೂತೆ. ಅಳತೆ ಸರಿಯಿರುವ ಐದು ಸೆಕೆಂಡ್ ಮುಳ್ಳು ಸಿಕ್ಕವು. ಒಂದೊಂದನ್ನೂ ಚಿಮುಟದಲ್ಲಿ ಹಿಡಿದು ಮಗುಚಿ ನೋಡಿದೆ. ನಾಲ್ಕರ ಕೆಳಮೈ ತುದಿಯವರೆಗೂ ನೀಲಿ. ಐದನೆಯದರಲ್ಲಿ ತುದಿಯ ಅಡಿಗೆ ಮಾತ್ರ ನೀಲಿ ಸವೆದು, ಸಾಸಿವೆಯ ಕಾಲುಭಾಗದಷ್ಟು ಉಕ್ಕು ಬೆಳ್ಳಗೆ ಹೊಳೆಯುತ್ತಿತ್ತು. ತುದಿಯನ್ನು ಒಂಚೂರು ಮೇಲಕ್ಕೆ ಬಾಗಿಸಿ, ಡಯಲ್‌ಗೆ ತಾಗದ ಹಾಗೆ ಅದನ್ನೇ ಮತ್ತೆ ಕೂರಿಸಿದೆ. ಬೂದು ಗೆರೆಯನ್ನು ಹಾಗೇ ಬಿಟ್ಟಿದ್ದೇನೆ.