ಆಟಿಸಂ ಇರುವ ತಮ್ಮನಿಗೆ ಅಡಿಕೆ ವಿಂಗಡಣೆಯ ಕೆಲಸ ಕಟ್ಟಿಕೊಟ್ಟ ಬಗೆ

ಮೂವತ್ತರ ಹತ್ತಿರ ಬಂದ ಆಟಿಸಂ ವ್ಯಕ್ತಿಗೆ ಹೊಸದಾಗಿ ದುಡಿಮೆ ಹಿಡಿಸಲಾಗದು ಎಂದು ನಮಗೆ ಹೇಳಿದವರಲ್ಲಿ ನೆಂಟರಿಷ್ಟರಷ್ಟೇ ಅಲ್ಲ, ತರಬೇತಿ ಕೊಡುವವರೂ ಇದ್ದರು. ನನ್ನ ತಮ್ಮ ನಾಲ್ಕೈದು ಹಂಗಾಮುಗಳಿಂದ ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಅಡಿಕೆಯನ್ನೆಲ್ಲ ಒಬ್ಬನೇ ವಿಂಗಡಿಸುತ್ತಿದ್ದಾನೆ. ಅವನು ಆರಿಸಿದ ಚೀಲವನ್ನು ಅಡಿಕೆ ವ್ಯಾಪಾರದ ಮಂಡಿಯವರು ಈಗ ಪೂರ್ತಿ ಸುರಿದು ನೋಡುವುದಿಲ್ಲ. ಇಂಥದೇ ಮನೆಗಳವರು ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ. ಆಟಿಸಂ ಎಂದರೆ ಮಾತುಕತೆ, ಜನರೊಡನೆ ಬೆರೆಯುವಿಕೆ, ಸದ್ದು ಬೆಳಕು ಸ್ಪರ್ಶಗಳ ಅನುಭವ ಇವೆಲ್ಲ ಚಿಕ್ಕಂದಿನಿಂದಲೇ ಬೇರೆ ರೀತಿಯಲ್ಲಿರುವ ಸ್ಥಿತಿ.

1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲವಾದ್ದರಿಂದ ಅವನ ಹಳೆಯ ಪ್ರಮಾಣಪತ್ರದಲ್ಲಿ ಬುದ್ಧಿಮಾಂದ್ಯತೆ ಎಂದೇ ಬರೆದಿತ್ತು. ಆಟಿಸಂ ಅನ್ನೂ ಸೇರಿಸಿಕೊಂಡ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದ ಮೇಲೆ ಐಎಸ್‌ಎಎ ಎಂಬ ಆಟಿಸಂ ಮಾಪನ ಮಾಡಿಸಿ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಪಡೆದೆವು. ಆದರೆ ಅಷ್ಟರೊಳಗೆ ಆ ಹಳೆಯ ಹಣೆಪಟ್ಟಿಯ ಮೇಲೆಯೇ ಅವನನ್ನು ಪೇಟೆಯ ಒಂದು ಕೇಂದ್ರಕ್ಕೆ ಸೇರಿಸಿಕೊಂಡು, ಮೇಣದಬತ್ತಿ ಮಾಡಲು ಕೂರಿಸಿದ್ದರು. ಶುಲ್ಕ, ಬಾಡಿಗೆ ಕೋಣೆ, ಅಮ್ಮನ ಓಡಾಟ ಎಲ್ಲ ಸೇರಿ ಎರಡೂವರೆ ಲಕ್ಷದಷ್ಟು ಹೋಯಿತು. ಮಿಣುಕುವ ಟ್ಯೂಬ್‌ಲೈಟು, ಇಪ್ಪತ್ತು ಜನರ ಗದ್ದಲ, ಬಿಸಿ ಮೇಣದ ವಾಸನೆ, ಇವುಗಳ ಮೇಲೆ ಕಣ್ಣಲ್ಲಿ ಕಣ್ಣಿಟ್ಟು ಮಾತಾಡು ಎಂಬ ಒತ್ತಾಯ. ಸಂಜೆ ಕೋಣೆಗೆ ಬಂದವನು ಮುಂಗೈ ಕಚ್ಚಿಕೊಳ್ಳುತ್ತಿದ್ದ. ಕಲಿಯುವ ಸಾಮರ್ಥ್ಯವಿಲ್ಲ ಎಂದು ಬರೆದುಕೊಟ್ಟು ಕೊನೆಗೆ ಕಳಿಸಿದರು.

ನಾನು ಅವನಿಗೆ ಏನನ್ನೂ ಕಲಿಸಲು ಹೋಗಲಿಲ್ಲ, ಜಾಗವನ್ನು ಬದಲಿಸಿದೆ. ಅಡಿಕೆ ಸುಲಿಯುವ ಯಂತ್ರದ ಸದ್ದು ಅವನಿಗೆ ಆಗುತ್ತಿರಲಿಲ್ಲ. ಸಾವಿರ ರೂಪಾಯಿಯ ಇಯರ್‌ಮಫ್ ತಂದರೆ ಕಿವಿಯ ಮೇಲಿನ ಒತ್ತಡವನ್ನು ಅವನು ಗಳಿಗೆಯೂ ಸಹಿಸಲಿಲ್ಲ. ಹಾಗಾಗಿ ಯಂತ್ರವನ್ನು ಅಂಗಳದ ಆಚೆ ತುದಿಗೆ ಸಾಗಿಸಿ, ಹಿತ್ತಲಿನ ಹಳೆಯ ಉಗ್ರಾಣಕ್ಕೆ ಉತ್ತರ ದಿಕ್ಕಿನ ಕಿಟಕಿ ಇಡಿಸಿದೆ. ಮೂವತ್ತೈದು ನಲವತ್ತು ಸಾವಿರ ಖರ್ಚಾದದ್ದು ಅದೊಂದಕ್ಕೇ, ಮತ್ತು ನನ್ನ ಲೆಕ್ಕದಲ್ಲಿ ಅದುವರೆಗಿನ ಎಲ್ಲ ಥೆರಪಿಗಿಂತ ಹೆಚ್ಚು ಫಲ ಕೊಟ್ಟ ಹಣ ಅದು. ಹಸ, ಬೆಟ್ಟೆ, ರಾಶಿ, ಗೊರಬಲು ಎಂಬ ಅಡಿಕೆ ದರ್ಜೆಗಳ ಹೆಸರುಗಳನ್ನು ಹೇಳಿಕೊಡುವ ಬದಲು ಪ್ರತಿ ಬುಟ್ಟಿಯ ಅಂಚಿಗೂ ಆಯಾ ದರ್ಜೆಯ ಒಂದೊಂದು ಅಡಿಕೆಯನ್ನು ಅಂಟಿಸಿದೆ. ಅವನು ಅಡಿಕೆಯನ್ನು ಹೆಬ್ಬೆರಳಲ್ಲಿ ಒಮ್ಮೆ ಹೊರಳಿಸುತ್ತಾನೆ, ಬೆಳಕಿಗೆ ಹಿಡಿದು ಚೊಗರಿನ (ಅಡಿಕೆ ಬೇಯಿಸಿದ ಕೆಂಪು ರಸದ) ಬಣ್ಣ ನೋಡುತ್ತಾನೆ, ಅನುಮಾನ ಬಂದರೆ ಮೂಗಿನ ಹತ್ತಿರ ತರುತ್ತಾನೆ. ಒಂದು ಗೊರಬಲು ತಪ್ಪಿ ರಾಶಿ ದರ್ಜೆಗೆ ಸೇರಿದರೆ ಬುಟ್ಟಿಯನ್ನೇ ಬಗ್ಗಿಸಿ ಹುಡುಕಿ ತೆಗೆಯುತ್ತಾನೆ. ಕೆಲಸದ ನಡುವೆ ಯಾರೂ ಅವನನ್ನು ಮಾತಾಡಿಸಬಾರದು ಎಂಬ ನಿಯಮವನ್ನು ಮನೆಗೆ ಬಂದ ಅತಿಥಿಗಳಿಗೂ ಹೇಳಿಬಿಡುತ್ತೇನೆ.

ಎಲ್ಲವೂ ಕೈಗೂಡಿದಂತೆ ಕಂಡದ್ದು ಮೊದಲ ಮಳೆಗಾಲದವರೆಗೆ ಮಾತ್ರ. ಜೂನ್ ಹೊತ್ತಿಗೆ ಅಡಿಕೆ ಮುಗಿದಿತ್ತು. ಅವನು ಎಂದಿನಂತೆ ಒಂಬತ್ತಕ್ಕೆ ಹೋಗಿ ಖಾಲಿ ಬುಟ್ಟಿಗಳ ಮುಂದೆ ಕುಳಿತ. ವಾರದೊಳಗೆ ಊಟ, ನಿದ್ದೆ ಎರಡೂ ಕೆಟ್ಟವು. ಜೇನುಪೆಟ್ಟಿಗೆಗಳನ್ನು ತಂದು ನೋಡಿದೆ. ಗೂಡಿನ ಗುಂಯ್‌ಗುಟ್ಟುವಿಕೆ ಅವನಿಗೆ ಬಹಳ ಹಿಡಿಸಿತು, ಆದರೆ ಮುಖಕ್ಕೆ ಬಲೆ ಕಟ್ಟಿಕೊಳ್ಳಲು ಒಪ್ಪಲಿಲ್ಲ. ಪೆಟ್ಟಿಗೆಗಳನ್ನು ತೋಟದಲ್ಲೇ ಉಳಿಸಿಕೊಂಡೆ, ಸಂಜೆ ಹತ್ತಿರ ಹೋಗಿ ಕೂರುತ್ತಾನೆ. ಕಾಳುಮೆಣಸು ಹಸನು ಮಾಡುವ ಕೆಲಸ ಹದಿನೈದು ದಿನಕ್ಕೆ ಮುಗಿದುಹೋಗುತ್ತದೆ. ಕೊನೆಗೆ ಏಳೆಂಟು ಕ್ವಿಂಟಲ್ ಅಡಿಕೆಯನ್ನು ವಿಂಗಡಿಸದೆ ಮಳೆಗಾಲಕ್ಕೆಂದೇ ಅಟ್ಟದಲ್ಲಿ ಉಳಿಸಿದೆ. ಮಲೆನಾಡಿನ ತೇವದಲ್ಲಿ ಅಡಿಕೆ ಬೂಸ್ಟು ಹಿಡಿಯುತ್ತದೆ ಎಂದು ಅಪ್ಪ ತೀವ್ರವಾಗಿ ವಿರೋಧಿಸಿದರು, ಮೊದಲ ವರ್ಷ ಒಂದು ಚೀಲ ಹಾಳಾದದ್ದೂ ನಿಜ. ಈಗ ಹಾಗಾಗದಂತೆ ಚೀಲಗಳನ್ನು ಇಡುವ ಕ್ರಮವೊಂದು ಗೊತ್ತಾಗಿದೆ. ಅದನ್ನೂ, ದಿನಚರಿ ಬದಲಾಗುವ ದಿನ ಅವನಿಗೆ ಮುಂಚಿತವಾಗಿ ತಿಳಿಸಲು ನಾನು ಬಳಸುವ ಬಗೆಯನ್ನೂ ಇಲ್ಲಿ ಬರೆಯುವುದಿಲ್ಲ. ಎರಡನೆಯದು ಅವನ ನನ್ನ ನಡುವಿನದು.

ಕೂಲಿಯ ವಿಚಾರದಲ್ಲಿ ನಾನು ಹಟ ಹಿಡಿದೆ. ಹೊರಗಿನ ಆಳಿಗೆ ಕೊಡುವಷ್ಟನ್ನೇ ತೂಕದ ಲೆಕ್ಕದಲ್ಲಿ ಅವನ ಖಾತೆಗೆ ಹಾಕುತ್ತೇನೆ, ತಿಂಗಳಿಗೆ ಏಳರಿಂದ ಎಂಟು ಸಾವಿರ ಬೀಳುತ್ತದೆ. ಖಾತೆ ತೆರೆಯಲು ಹೋದಾಗ ಒಂದು ಬ್ಯಾಂಕಿನವರು ಪಾಲಕತ್ವದ ಪತ್ರ, ಎಂದರೆ ಅವನ ಪರವಾಗಿ ನಿರ್ಧರಿಸುವ ಕಾನೂನುಬದ್ಧ ಪಾಲಕರಿದ್ದಾರೆಂಬ ಪತ್ರ, ತನ್ನಿ ಎಂದು ವಾಪಸು ಕಳಿಸಿದರು. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಸ್ಥಳೀಯ ಸಮಿತಿಯಿಂದ ಅದನ್ನು ಪಡೆಯಬಹುದಿತ್ತು, ಆದರೆ ಸಹಿ ಹಾಕಬಲ್ಲ, ತನ್ನ ಹಣ ಎಷ್ಟಿದೆ ಎಂದು ರೂಪಾಯಿಯವರೆಗೆ ಹೇಳಬಲ್ಲ ವಯಸ್ಕನಿಗೆ ಪಾಲಕನನ್ನು ನೇಮಿಸುವುದು ನನಗೆ ಸರಿಯೆನಿಸಲಿಲ್ಲ. 2016ರ ಕಾಯ್ದೆ ಹೇಳುವುದೂ ವ್ಯಕ್ತಿಯ ಜೊತೆ ಕೂಡಿ ನಿರ್ಧರಿಸುವ ಸೀಮಿತ ಪಾಲಕತ್ವವನ್ನೇ. ಇನ್ನೊಂದು ಶಾಖೆಯಲ್ಲಿ ಅವನ ಹೆಸರಿಗೇ ಖಾತೆಯಾಯಿತು. ರಾಷ್ಟ್ರೀಯ ನ್ಯಾಸದ ನಿರಾಮಯ ಆರೋಗ್ಯ ವಿಮೆಯನ್ನು ಮಾತ್ರ ಇಂಥ ಮನೆಗಳವರೆಲ್ಲರೂ ಮಾಡಿಸಿ, ಒಂದು ಲಕ್ಷದವರೆಗೆ ಸಿಗುತ್ತದೆ, ಮುಂಚಿತ ವೈದ್ಯಕೀಯ ತಪಾಸಣೆಯ ಗೋಜಿಲ್ಲ.

ಕಳೆದ ಹಂಗಾಮಿನಿಂದ ಪಕ್ಕದ ಎರಡು ಮನೆಗಳವರೂ ತಮ್ಮ ಅಡಿಕೆಯನ್ನು ವಿಂಗಡಣೆಗೆ ಕಳಿಸುತ್ತಿದ್ದಾರೆ. ಚೀಲಗಳನ್ನು ಉಗ್ರಾಣದ ಬಾಗಿಲಿನವರೆಗೆ ತಂದಿಡಬೇಕು, ಇಂಥ ದಿನಕ್ಕೇ ಬೇಕು ಎಂದು ಅವಸರಪಡಿಸಬಾರದು, ಹಣವನ್ನು ನನ್ನ ಕೈಗಲ್ಲ ಅವನ ಖಾತೆಗೇ ಹಾಕಬೇಕು ಎಂಬ ಷರತ್ತುಗಳಿಗೆ ಇಬ್ಬರೂ ಒಪ್ಪಿದ್ದಾರೆ.