ಹಳೇ ಪೈಥಾನ್: ಒಳಗಿನ ಫಂಕ್ಷನ್‌ನಿಂದ ಹೊರಗಿನ ಲೆಕ್ಕ ಬದಲಿಸುವುದು ಹೇಗೆ?

ಪ್ರೋಗ್ರಾಂ ಬರೆಯುವ ಭಾಷೆ ಪೈಥಾನ್‌ನ 2.7 ಆವೃತ್ತಿಗೆ 2020ರ ಜನವರಿ 1ರಂದೇ ಬೆಂಬಲ ನಿಂತಿತು. ಆದರೆ ಅದರಲ್ಲಿ ಬರೆದ ಪ್ರೋಗ್ರಾಂಗಳು ಇನ್ನೂ ಓಡುತ್ತಿವೆ. ಅವನ್ನು ರಿಪೇರಿ ಮಾಡಲು ಕೂತವರು ಪದೇ ಪದೇ ಒಂದೇ ಕಡೆ ಸಿಕ್ಕಿಹಾಕಿಕೊಳ್ಳುವುದನ್ನು ನೋಡಿ ಇದನ್ನು ಬರೆಯುತ್ತಿದ್ದೇನೆ.

ಟೋಕನ್ ಕೊಡುವ ಪ್ರೋಗ್ರಾಂ ಅಂದುಕೊಳ್ಳಿ. ಹೊರಗೆ ‘ಸರದಿ’ ಎಂಬ ಫಂಕ್ಷನ್ (ಹೆಸರಿಟ್ಟು ಕರೆಯುವ ಕೋಡಿನ ತುಂಡು), ಅದರೊಳಗೆ ‘ಮುಂದಿನ’ ಎಂಬ ಫಂಕ್ಷನ್. ‘ಮುಂದಿನ’ ಕರೆದಾಗಲೆಲ್ಲ ಮುಂದಿನ ಟೋಕನ್ ನಂಬರ್ ಕೊಡಬೇಕು, ‘ಸರದಿ’ ಆ ‘ಮುಂದಿನ’ವನ್ನೇ ವಾಪಸ್ ಕೊಡಬೇಕು. (ಟೈಪ್ ಮಾಡುವಾಗ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಪೈಥಾನ್ 2 ಬೇರೆ ಲಿಪಿ ಒಪ್ಪುವುದಿಲ್ಲ.) ‘ಸರದಿ’ಯಲ್ಲಿ ನಂಬರ್ = 0 ಎಂದು ಬರೆದು, ‘ಮುಂದಿನ’ದಲ್ಲಿ ನಂಬರ್ += 1 (ಒಂದು ಕೂಡಿಸು) ಎಂದರೆ ‘ಅನ್‌ಬೌಂಡ್ ಲೋಕಲ್ ಎರರ್’ ಬರುತ್ತದೆ, ಅಂದರೆ ಒಳಗಿನ ಹೆಸರಿಗೆ ಬೆಲೆ ಸಿಗುವ ಮೊದಲೇ ಅದನ್ನು ಬಳಸಿದ್ದೀರಿ ಎಂಬ ದೂರು.

ಮೊದಲು ತಪ್ಪಿನ ಮೂಲ ಹುಡುಕಿ. ಇಲ್ಲೇ ಎಲ್ಲರೂ ಎಡವುವುದು. ಎರರ್ ತೋರಿಸುವ ಸಾಲಿನಲ್ಲೇ ತಪ್ಪಿರಬೇಕು ಅಂತೇನಿಲ್ಲ. ಫಂಕ್ಷನ್ ಓಡುವ ಮೊದಲೇ ಪೈಥಾನ್ ಅದನ್ನು ಪೂರ್ತಿ ಓದುತ್ತದೆ. ಒಳಗೆ ಎಲ್ಲೇ ಆಗಲಿ, ಕೊನೇ ಸಾಲಿನಲ್ಲಾದರೂ ಸರಿ, ‘ನಂಬರ್’ಗೆ ಬೆಲೆ ಕೊಟ್ಟಿದ್ದರೆ ಇಡೀ ಫಂಕ್ಷನ್‌ಗೆ ಅದು ಒಳಗಿನ ಹೆಸರಾಗಿಬಿಡುತ್ತದೆ. ಒಬ್ಬ ಹುಡುಗ ನಿನ್ನೆವರೆಗೂ ಓಡುತ್ತಿದ್ದ ಪ್ರಿಂಟ್ ಸಾಲನ್ನು ಮಧ್ಯಾಹ್ನವೆಲ್ಲ ತಿದ್ದುತ್ತಾ ಕೂತಿದ್ದ. ಅದರ ಆರು ಸಾಲು ಕೆಳಗೆ ಅವನೇ ಅವತ್ತು ಬೆಳಿಗ್ಗೆ ಸೇರಿಸಿದ ನಂಬರ್ += 1 ಇತ್ತು. ಹಾಗಾಗಿ ಕೆಳಗಿನ ಸಾಲುಗಳನ್ನೂ ನೋಡಿ. ಬರೀ ಸಮ ಚಿಹ್ನೆ ಅಲ್ಲ, ಫಾರ್ ಲೂಪ್‌ನ ಹೆಸರೂ ಲೆಕ್ಕಕ್ಕೆ ಬರುತ್ತದೆ. ಹೊರಗಿನ ಬೆಲೆಯನ್ನು ಸುಮ್ನೆ ಓದುವುದಾದರೆ ಯಾವ ತೊಂದರೆಯೂ ಇಲ್ಲ.

ಈಗ ‘ಗ್ಲೋಬಲ್’ (ಹೆಸರನ್ನು ಎಲ್ಲ ಫಂಕ್ಷನ್‌ಗಳ ಹೊರಗಿನದು ಎಂದು ಹೇಳುವ ಪದ) ಹಾಕುವ ಆಸೆ ಬರುತ್ತದೆ. ದಯವಿಟ್ಟು ಬೇಡ. ಎರಡೂ ಫಂಕ್ಷನ್‌ನಲ್ಲಿ ಹಾಕಿದರೆ ಎರರ್ ಹೋಗುತ್ತದೆ ನಿಜ, ಆದರೆ ಎರಡು ಸರದಿ ಶುರು ಮಾಡಿದರೆ ಎರಡಕ್ಕೂ ಒಂದೇ ಲೆಕ್ಕ. ಒಂದು ಕೌಂಟರಿನವರಿಗೆ 4 ಆದಮೇಲೆ ಸೀದಾ 9 ಬರುತ್ತದೆ.

ಅದರ ಬದಲು ನಂಬರನ್ನು ಲಿಸ್ಟಿನಲ್ಲಿಡಿ. ‘ಸರದಿ’ಯ ಒಳಗೆ ನಂಬರ್ = [0], ‘ಮುಂದಿನ’ದಲ್ಲಿ ನಂಬರ್[0] += 1. ಹೆಸರನ್ನು ನಾವು ಮುಟ್ಟಲೇ ಇಲ್ಲ, ಡಬ್ಬಿಯೊಳಗಿನ ಸಾಮಾನು ಮಾತ್ರ ಬದಲಾಯಿತು, ಅಲ್ವಾ? ಮತ್ತೆ ಸೊನ್ನೆಯಿಂದ ಶುರು ಮಾಡಲು ಒಳಗಡೆ ನಂಬರ್ = [0] ಎಂದು ಬರೆದರೆ ಹಳೇ ಎರರ್ ವಾಪಸ್. ನಂಬರ್[0] = 0 ಎಂದೇ ಬರೆಯಿರಿ. ಲಿಸ್ಟನ್ನು ‘ಸರದಿ’ಯ ಹೊರಗಿಟ್ಟರೆ ಗ್ಲೋಬಲ್‌ನ ಕಥೆಯೇ.

ಬದಲಾಗುವ ಬೆಲೆ ಎರಡೋ ಮೂರೋ ಇದ್ದರೆ ಲಿಸ್ಟಿನ ಬದಲು ಕ್ಲಾಸ್ ಬರೆಯಿರಿ, ಅದರಲ್ಲಿ ಒಂದೊಂದು ಬೆಲೆಗೂ ಹೆಸರಿಡಬಹುದು. ಆರು ತಿಂಗಳಾದ ಮೇಲೆ [2] ಅಂದರೆ ಏನೆಂದು ಬರೆದವರಿಗೇ ನೆನಪಿರುವುದಿಲ್ಲ.

ಕೊನೆಗೆ ಎರಡು ಸರದಿ ಮಾಡಿ, ಮೊದಲನೆಯದನ್ನು ಮೂರು ಸಲ, ಎರಡನೆಯದನ್ನು ಒಂದು ಸಲ ಕರೆಯಿರಿ. ಕೊನೆಯ ಉತ್ತರಗಳು 3 ಮತ್ತು 1 ಬರಬೇಕು.

2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3.0ರಲ್ಲಿ ಇದಕ್ಕೆಂದೇ ‘ನಾನ್‌ಲೋಕಲ್’ ಎಂಬ ಪದ ಇದೆ, ಅದು ಹೊರಗಿನ ಫಂಕ್ಷನ್‌ನ ಹೆಸರನ್ನೇ ಬದಲಿಸಲು ಬಿಡುತ್ತದೆ. ಪ್ರೋಗ್ರಾಂ ಪೂರ್ತಿ ಅಲ್ಲಿಗೆ ಹೋದಮೇಲೆ ಅದನ್ನೇ ಬಳಸಿ. ಎರಡೂ ಕಡೆ ಓಡಬೇಕಾದ ಕೋಡ್ ಆಗಿದ್ದರೆ ಲಿಸ್ಟನ್ನು ಹಾಗೇ ಬಿಡಿ.